ನೋಡಲ್ಲ ಅನ್ನಿ, ಆದರೆ ಯಾರು ನೋಡುತ್ತಾರೆ ಅಂತಾದರೂ ಹೇಳಿ

ನಿನ್ನೆ ಸಂಜೆಯಿಂದ ಹೊಟ್ಟೆ ಉರಿಯುತ್ತಿದೆ. ಇದನ್ನು ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಪಕ್ಕದ ಮನೆಯವರು ಊರಿಗೆ ಹೋಗಿದ್ದಾರೆ, ಅವರ ನಾಯಿ ನಮ್ಮಲ್ಲಿದೆ. ಅದಕ್ಕೆ ಜಂತುಹುಳದ ಮಾತ್ರೆ ತರೋಣ ಅಂತ ಹತ್ತಿರದ ಪ್ರಾಣಿಗಳ ಕ್ಲಿನಿಕ್ಕಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಹುಡುಗ ನಿಂತಿದ್ದ. ಪಿಯುಸಿ ಇರಬೇಕು, ಕಾಲೇಜಿನ ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು. ಎರಡೂ ಕೈಯಲ್ಲಿ ಒಂದು ಶೂ ಡಬ್ಬ ಹಿಡಿದಿದ್ದ. ಬಗ್ಗಿ ನೋಡಿದೆ. ಹಳೇ ಬನಿಯನ್ನಿನ ಮೇಲೆ ಒಂದು ಬಿಯರ್ಡೆಡ್ ಡ್ರ್ಯಾಗನ್ ಮಲಗಿತ್ತು, ಮನೆಯಲ್ಲಿ ಸಾಕುವ ಒಂದು ಹಲ್ಲಿ ಜಾತಿ ಅದು. ಗೇಣುದ್ದ ಇರಬಹುದು. ಹಿಂಗಾಲು ಎರಡೂ ಸೋತು ಚಾಚಿಕೊಂಡಿದ್ದವು. ಕೆಳದವಡೆ ಊದಿತ್ತು. ಮುಂಗಾಲಿನ ಬೆರಳು ಮಾತ್ರ ಆಗಾಗ ಪಟಪಟ ಅಂತ ಅದುರುತ್ತಿತ್ತು.

ಕೌಂಟರಿನಲ್ಲಿದ್ದವರು ಡಬ್ಬದೊಳಗೆ ಇಣುಕಲೂ ಇಲ್ಲ. "ಹಲ್ಲಿಗಿಲ್ಲಿ ಎಲ್ಲ ನೋಡಲ್ಲಪ್ಪ ಇಲ್ಲಿ."

"ಮತ್ತೆ ಯಾರು ನೋಡ್ತಾರೆ ಮೇಡಂ?"

"ಗೊತ್ತಿಲ್ಲ. ನೆಕ್ಸ್ಟ್ ಯಾರು?"

ಅಷ್ಟೇ. ಅವನಿಗೆ ಅದು ಮೂರನೇ ಕ್ಲಿನಿಕ್ಕಂತೆ. ಡಬ್ಬದ ಮುಚ್ಚಳ ಮುಚ್ಚಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ಮಾತ್ರೆ ಮರೆತು ಅವನ ಹಿಂದೆ ಬಂದೆ.

ನಮ್ಮ ಚಿಗುರು ನಿಮಗೆಲ್ಲ ಗೊತ್ತು. ಫೋಟೋ ಹಾಕಿ ಹಾಕಿ ನಿಮಗೆ ಸಾಕಾಗಿರಬಹುದು. ಹಸಿರು ಇಗ್ವಾನಾ ಅನ್ನುವ ದೊಡ್ಡ ಹಲ್ಲಿ ಜಾತಿ, ಐದು ವರ್ಷ ವಯಸ್ಸು, ಮೂತಿಯಿಂದ ಬಾಲದ ತುದಿಯವರೆಗೆ ನಾಲ್ಕಡಿ. ಆದರೆ ಜನವರಿಯ ಆ ರಾತ್ರಿ ಏನಾಯಿತು ಅಂತ ನಾನು ಪೂರ್ತಿಯಾಗಿ ಎಲ್ಲೂ ಬರೆದಿರಲಿಲ್ಲ. ಬರೆಯಲು ಧೈರ್ಯ ಬಂದಿರಲಿಲ್ಲ.

ಅದಕ್ಕೂ ಮುಂಚೆ ಎರಡು ವಾರದಿಂದ ಅವಳು ಊಟ ಬಿಟ್ಟಿದ್ದಳು. ನುಗ್ಗೆ ಸೊಪ್ಪು ಬೇಡ, ದಾಸವಾಳ ಬೇಡ. ನಮ್ಮ ಆಫೀಸಿಗೆ ರಾಮನಗರದಿಂದ ಬರುವ ಗೆಳತಿ ತಂದುಕೊಡುವ ಹಿಪ್ಪುನೇರಳೆ ಸೊಪ್ಪು ಕಂಡರೆ ಓಡಿ ಬರುತ್ತಿದ್ದವಳು, ಅದನ್ನೂ ಮೂಸಿ ನೋಡಲಿಲ್ಲ. ಗೂಡಿನ ಮೂಲೆಯನ್ನು ಉಗುರಿನಿಂದ ಕೆರೆಯುತ್ತಲೇ ಇದ್ದಳು. ಚಳಿಗೆ ಹೀಗೆ ಅಂದುಕೊಂಡೆವು. ಆ ದಿನ ರಾತ್ರಿ ಹತ್ತೂವರೆಗೆ ನೋಡುತ್ತೇನೆ, ಯಾವತ್ತೂ ಮೇಲಿನ ಕೊಂಬೆಯಲ್ಲೇ ಮಲಗುವವಳು ನೆಲದ ಮೇಲೆ ಬಿದ್ದಿದ್ದಾಳೆ. ಕಣ್ಣು ಅರ್ಧ ಮುಚ್ಚಿದೆ. ಮುಟ್ಟಿದರೆ ತಣ್ಣಗೆ. ಹಿಂಗಾಲಿನ ಬೆರಳು ಅದುರುತ್ತಿದೆ. ನಿನ್ನೆ ಆ ಡಬ್ಬದಲ್ಲಿ ಕಂಡ ಅದುರು ಇದೇ. ಅದಕ್ಕೇ ನನ್ನ ಕೈಕಾಲು ತಣ್ಣಗಾಗಿದ್ದು.

ಫೋನು ಹಚ್ಚಿದೆವು. ಮೊದಲನೆಯವರು "ನಾಯಿ ಬೆಕ್ಕು ಮಾತ್ರ" ಅಂತ ಇಟ್ಟರು. ಎರಡನೆಯವರು "ಬಾಯಿಗೆ ಸ್ವಲ್ಪ ಗ್ಲೂಕೋಸ್ ನೀರು ಬಿಡಿ, ಬೆಳಗ್ಗೆ ನೋಡೋಣ" ಅಂದರು. ಮೂರನೆಯವರು ಎತ್ತಲಿಲ್ಲ. ನಾಲ್ಕನೆಯವರು, ರಾತ್ರಿಯಿಡೀ ತೆರೆದಿರುವ ಕ್ಲಿನಿಕ್ಕು ಅದು, "ಮೇಡಂ, ಅಲ್ಲಾಡ್ತಿಲ್ಲ ಅಂದ್ರೆ ಸತ್ತಿರುತ್ತೆ ಬಿಡಿ, ಹಲ್ಲಿ ತಾನೇ" ಅಂದರು. ಇದು ನನ್ನ ಕಿವಿಯಲ್ಲಿ ಇನ್ನೂ ಇದೆ.

ನಾನು ಗ್ಲೂಕೋಸ್ ನೀರು ಬಿಟ್ಟೆ. ಹೌದು, ಬಿಟ್ಟೆ. ಒಂದು ಚಮಚ. ದಿಕ್ಕು ತೋಚದ ಹೊತ್ತಿನಲ್ಲಿ ಒಬ್ಬರಾದರೂ ಏನೋ ಹೇಳಿದರಲ್ಲ ಅಂತ ಬಿಟ್ಟೆ. ಮೂಗಿನ ಹೊಳ್ಳೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಬಂತು. ಆಮೇಲೆ ಗೊತ್ತಾಯಿತು, ಇವುಗಳ ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದಂತೆ. ಶಕ್ತಿ ಇಲ್ಲದೆ ಬಿದ್ದಿರುವ ಪ್ರಾಣಿಗೆ ನುಂಗಲು ಆಗುವುದಿಲ್ಲ, ಬಿಟ್ಟ ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ಆ ಗುಳ್ಳೆ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ನನ್ನ ಕೈಯಿಂದ ಆದದ್ದು.

ಕೊನೆಗೆ ದಾರಿ ತೋರಿಸಿದ್ದು ಹಾವು ಹಿಡಿಯುವವರು. ಎರಡು ವರ್ಷದ ಹಿಂದೆ ನಮ್ಮ ಕಾಂಪೌಂಡಿನಲ್ಲಿ ಕೇರೆಹಾವು ಬಂದಾಗ ಬಂದಿದ್ದರು. ನಮ್ಮ ಯಜಮಾನರಿಗೆ ಅವರ ನೆನಪಾಯಿತು. ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿದರೆ ಎತ್ತಿದರು, ಬೈಯಲಿಲ್ಲ, ಒಬ್ಬ ಡಾಕ್ಟರ ನಂಬರ್ ಕಳಿಸಿದರು. ಆ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಬಾಯಿಗೆ ಏನೂ ಹಾಕಿಲ್ಲ ತಾನೇ?"

ಆಮೇಲೆ ಅವರು ಹೇಳಿದ್ದು ಎರಡು ನಿಮಿಷದ ಮಾತು. ಇನ್ನೇನೂ ಹಾಕಬೇಡಿ, ನೀರೂ ಬೇಡ. ಮೊದಲು ಮೈ ಬೆಚ್ಚಗಾಗಲಿ. ಬಿಸಿನೀರಿನ ಬ್ಯಾಗನ್ನು ದಪ್ಪ ಟವೆಲಿನಲ್ಲಿ ಸುತ್ತಿ ಒಂದು ಪಕ್ಕಕ್ಕೆ ಮಾತ್ರ ಇಡಿ, ಮೈಗೆ ತಾಗಿಸಬೇಡಿ, ಚರ್ಮ ಸುಟ್ಟರೂ ಇವು ಬೇಗ ಪಕ್ಕಕ್ಕೆ ಸರಿಯುವುದಿಲ್ಲ. ಡಬ್ಬದೊಳಗೆ 28ರಿಂದ 30 ಡಿಗ್ರಿ ಇದ್ದರೆ ಸಾಕು. ಕತ್ತಲು ಮಾಡಿ, ಸುಮ್ನೆ ಎತ್ತಿ ಎತ್ತಿ ನೋಡಬೇಡಿ. ಬಾಲ ಹಿಡಿದು ಎತ್ತಲೇಬೇಡಿ. ನೋವಿನ ಮಾತ್ರೆ, ನಾಯಿಯ ಔಷಧಿ ಯಾವುದೂ ಬೇಡ. ಗೂಡಿನ ದೀಪದ ಫೋಟೋ ತೆಗೆದುಕೊಂಡು ಈಗಲೇ ಹೊರಡಿ.

ಇಷ್ಟೇ ನೋಡಿ. ಇದಕ್ಕೆ ಸ್ಕ್ಯಾನಿಂಗ್ ಬೇಡ, ಆಪರೇಷನ್ ಥಿಯೇಟರ್ ಬೇಡ. ಫೋನಿನಲ್ಲಿ ಹೇಳಬಹುದಾದ ಮಾತು. ನಾಲ್ಕು ಕಡೆ ಫೋನ್ ಮಾಡಿದರೂ ಇದರಲ್ಲಿ ಒಂದು ಮಾತೂ ಸಿಕ್ಕಿರಲಿಲ್ಲ. ಒಂದು ಕಡೆ ಸಿಕ್ಕಿದ್ದು ಇದಕ್ಕೆ ತದ್ವಿರುದ್ಧ.

ಬಿಸಿನೀರು ಕಾಯಿಸಿದ್ದು ನಮ್ಮ ಅತ್ತೆ. ಹಲ್ಲಿ ಲೊಚಗುಟ್ಟಿದರೆ ನೆಲ ಮುಟ್ಟಿ ಕೃಷ್ಣ ಕೃಷ್ಣ ಅನ್ನುವವರು. ಚಿಗುರು ಬಂದ ಹೊಸದರಲ್ಲಿ ಆ ರೂಮಿಗೇ ಕಾಲಿಡುತ್ತಿರಲಿಲ್ಲ. ಈಗ ದೇವರಿಗೆ ಕುಯ್ದ ದಾಸವಾಳದಲ್ಲಿ ಮೊದಲನೆಯದನ್ನು ಅವಳಿಗೇ ಎತ್ತಿಡುತ್ತಾರೆ. ಆ ರಾತ್ರಿ ಕಾರಿನ ಹಿಂದಿನ ಸೀಟಿನಲ್ಲಿ ರಟ್ಟಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ "ಸ್ವಲ್ಪ ತಡ್ಕೋ ಮರಿ, ಬಂತು, ಬಂದೇಬಿಟ್ಟಿತು" ಅನ್ನುತ್ತಲೇ ಇದ್ದರು. ಬೆಂಗಳೂರಿನ ಈ ತುದಿಯಿಂದ ಆ ತುದಿ.

ಡಾಕ್ಟರು ಸ್ಟೆತಸ್ಕೋಪು ಮುಟ್ಟಲಿಲ್ಲ. ಇವಕ್ಕೆ ಅದರಲ್ಲಿ ಸರಿಯಾಗಿ ಕೇಳಿಸುವುದಿಲ್ಲವಂತೆ. ಬಸುರಿಯರ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳಿಸುತ್ತಾರಲ್ಲ, ಆ ಥರದ ಡಾಪ್ಲರ್ ತೆಗೆದು, ಜೆಲ್ ಹಚ್ಚಿ, ಮುಂಗಾಲಿನ ಕಂಕುಳ ಹತ್ತಿರ ಇಟ್ಟರು. ಇಗ್ವಾನಾದ ಹೃದಯ ಮುಂಗಾಲುಗಳ ನಡುವೆಯೇ ಇರುವುದು. ಮೊದಲು ಬರೀ ಕರಕರ ಸದ್ದು. ಸ್ವಲ್ಪ ಸರಿಸಿದರು. ಆಮೇಲೆ ಷೂಕ್... ತುಂಬ ಹೊತ್ತಾದ ಮೇಲೆ ಇನ್ನೊಂದು ಷೂಕ್... "ತಣ್ಣಗಾದಾಗ ಹೃದಯ ನಿಧಾನ ಆಗುತ್ತೆ ಅಮ್ಮಾ. ಮೈ ಬೆಚ್ಚಗಾಗೋ ತನಕ ಸತ್ತಿದೆ ಅನ್ನೋ ಹಾಗಿಲ್ಲ" ಅಂದರು. ನಾಲ್ಕನೇ ಕ್ಲಿನಿಕ್ಕಿನ ಮಾತು ಕೇಳಿದ್ದರೆ ಬದುಕಿರುವವಳನ್ನೇ ಹಿತ್ತಲಿನಲ್ಲಿ ಮಣ್ಣು ಮಾಡುತ್ತಿದ್ದೆವು, ಅಲ್ವಾ? ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ.

ಎಕ್ಸ್‌ರೇಯಲ್ಲಿ ಹೊಟ್ಟೆ ತುಂಬ ಮೊಟ್ಟೆ. ಒಟ್ಟು 34. ನಾವು ಮೂರು ವರ್ಷದಿಂದ "ಅವನು, ಅವನು" ಅಂತಿದ್ದೆವು. ಗಂಡು ಜೊತೆಗಿಲ್ಲದಿದ್ದರೂ ಹೆಣ್ಣು ಇಗ್ವಾನಾ ಕೋಳಿಯ ಹಾಗೆ ಮೊಟ್ಟೆ ಕಟ್ಟುತ್ತದೆ. ಅಗೆದು ಗುಂಡಿ ಮಾಡಲು ಮಣ್ಣು ಬೇಕು, ಸಿಗದಿದ್ದರೆ ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಅವಳು ಮೂಲೆ ಕೆರೆಯುತ್ತಿದ್ದದ್ದು ಅದಕ್ಕೆ. ಎರಡು ವಾರ ಜಾಗ ಕೇಳುತ್ತಿದ್ದಳು, ನನಗೆ ಅರ್ಥ ಆಗಲಿಲ್ಲ. ಮೊಟ್ಟೆಗೆಲ್ಲ ಸುಣ್ಣ ಹೋಗಿ ರಕ್ತದಲ್ಲಿ ಕ್ಯಾಲ್ಸಿಯಂ ತಳ ಕಂಡಿತ್ತು. ಬೆರಳು ಅದುರುತ್ತಿದ್ದದ್ದು ಅದಕ್ಕೆ. ದೀಪದ ಫೋಟೋ ನೋಡಿ ಡಾಕ್ಟರು ಯಾವಾಗ ಹಾಕಿದ್ದು ಅಂತ ಕೇಳಿದರು. ಒಂದೂವರೆ ವರ್ಷ ಆಗಿತ್ತು. ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ಕೊಡುವ ಟ್ಯೂಬು ಚೆನ್ನಾಗಿಯೇ ಉರಿಯುತ್ತಿತ್ತು, ಆದರೆ ಕಣ್ಣಿಗೆ ಕಾಣುವ ಬೆಳಕು ಇದ್ದರೂ ಯುವಿಬಿ ಕಿರಣ ತಿಂಗಳು ಕಳೆದ ಹಾಗೆ ಕಡಿಮೆಯಾಗುತ್ತದೆ, ಆರರಿಂದ ಹನ್ನೆರಡು ತಿಂಗಳಿಗೆ ಬದಲಾಯಿಸಬೇಕು. ಆ ಕಿರಣ ಇಲ್ಲದಿದ್ದರೆ ಚರ್ಮದಲ್ಲಿ ಡಿ3 ವಿಟಮಿನ್ ಆಗುವುದಿಲ್ಲ. ಡಿ3 ಇಲ್ಲದಿದ್ದರೆ ತಿಂದ ನುಗ್ಗೆ ಸೊಪ್ಪಿನ ಸುಣ್ಣ ಮೈಗೆ ಹತ್ತುವುದಿಲ್ಲ.

ಆ ರಾತ್ರಿ ನಿಧಾನಕ್ಕೆ ಕ್ಯಾಲ್ಸಿಯಂ ಇಂಜೆಕ್ಷನ್, ಚರ್ಮದಡಿಗೆ ಸಲೈನ್, ಬೆಚ್ಚಗಿನ ಪೆಟ್ಟಿಗೆ. ತಕ್ಷಣ ಕೊಯ್ಯಲಿಲ್ಲ. ಸ್ವಲ್ಪ ಚೇತರಿಸಿಕೊಳ್ಳಲಿ ಅಂತ ಮೂರನೇ ದಿನ ಆಪರೇಷನ್ ಮಾಡಿ ಮೊಟ್ಟೆ, ಅಂಡಾಶಯ ಎಲ್ಲ ತೆಗೆದರು. ಹೊಟ್ಟೆಯ ನಟ್ಟನಡುವೆ ದೊಡ್ಡ ರಕ್ತನಾಳ ಇರುತ್ತದೆ ಅಂತ ಸ್ವಲ್ಪ ಪಕ್ಕಕ್ಕೆ ಕೊಯ್ದಿದ್ದಾರೆ. ನಾಯಿಗಾದರೆ ಹತ್ತು ಹನ್ನೆರಡು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ, ಇವಳಿಗೆ ಆರು ವಾರ. ನಾನು ಬಿಟ್ಟ ಆ ಒಂದು ಚಮಚ ನೀರಿಗೆ ಹತ್ತು ದಿನ ಬೇರೆ ಆಂಟಿಬಯಾಟಿಕ್.

ಈಗ ಕೆಲವರು ಹೇಳುತ್ತೀರಿ, ಗೊತ್ತು. ಡಾಕ್ಟರಾದರೂ ಎಷ್ಟು ಅಂತ ಕಲಿಯುತ್ತಾರೆ, ಐದೂವರೆ ವರ್ಷದ ಕೋರ್ಸಿನಲ್ಲಿ ಹಸು, ಎಮ್ಮೆ, ಕುರಿ, ಕೋಳಿ, ನಾಯಿ ಮುಗಿಸುವಷ್ಟರಲ್ಲಿ ಸಾಕಾಗಿರುತ್ತದೆ ಅಂತ. ಸರಿ. ನೂರಕ್ಕೆ ನೂರು ಸರಿ. ನಮ್ಮ ತಾಯಿಯ ಊರಿನಲ್ಲಿ ರಾತ್ರಿ ಎರಡು ಗಂಟೆಗೆ ಹಸುವಿನ ಕರು ಎಳೆದು ಕೊಟ್ಟ ಡಾಕ್ಟರನ್ನು ನೋಡಿದವಳು ನಾನು, ಅವರ ಮೇಲೆ ನನಗೆ ಎಷ್ಟು ಗೌರವ ಇದೆ ಅಂತ ನನಗೆ ಗೊತ್ತು. ನಾನು ಚಿಕಿತ್ಸೆ ಕೊಡಿ ಅನ್ನುತ್ತಿಲ್ಲ. ಗೊತ್ತಿಲ್ಲದೆ ಕೈ ಹಾಕುವುದಕ್ಕಿಂತ ನೋಡಲ್ಲ ಅನ್ನುವುದೇ ಒಳ್ಳೆಯದು. ಆದರೆ ಗೊತ್ತಿಲ್ಲದವರು ಗ್ಲೂಕೋಸ್ ನೀರು ಬಿಡಿ ಅಂತ ಯಾಕೆ ಹೇಳಬೇಕು? ಗೊತ್ತಿಲ್ಲದವರು ಸತ್ತಿರುತ್ತೆ ಬಿಡಿ ಅಂತ ಯಾಕೆ ಹೇಳಬೇಕು? ಇಂಥವರ ಹತ್ತಿರ ಹೋಗಿ ಅನ್ನಲು ಎಷ್ಟು ವರ್ಷದ ಕೋರ್ಸು ಬೇಕು?

ಇನ್ನು ಕೆಲವರು, ಇಂಥದ್ದನ್ನೆಲ್ಲ ಸಾಕುವುದೇ ತಪ್ಪು ಅನ್ನುತ್ತೀರಿ. ಅದರಲ್ಲೂ ಅರ್ಧ ಒಪ್ಪುತ್ತೇನೆ. ಚಿಗುರನ್ನು ನಾವು ಕೊಂಡು ತಂದದ್ದಲ್ಲ, ಊರು ಬಿಟ್ಟು ಹೊರಟ ಒಂದು ಮನೆಯವರು ಬೇಡ ಅಂದಾಗ ತಂದುಕೊಂಡದ್ದು. ಇಂಥ ಪ್ರಾಣಿ ಸಾಕುವವರಿಗಾಗಿ ಬಂದ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಿದ್ದೇವೆ. ಯಾರಾದರೂ ಆಸೆಯಿಂದ ಕೇಳಿದರೆ ಬೇಡ ಅಂತಲೇ ಹೇಳುತ್ತೇನೆ. ನಮ್ಮ ಉಡ, ಊಸರವಳ್ಳಿ ಹಿಡಿದು ಸಾಕುವುದಂತೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಆಗಲೇಬೇಕು. ಆದರೆ ಶೂ ಡಬ್ಬದಲ್ಲಿ ಅದುರುತ್ತಾ ಮಲಗಿರುವ ಪ್ರಾಣಿ ಯಾರ ತಪ್ಪಿಗೂ ಹೊಣೆಯಲ್ಲ. ಅದರ ಮುಂದೆ ನಿಂತು ಸಾಕಬಾರದಿತ್ತು ಅಂದರೆ ಅದಕ್ಕೆ ಏನು ಸಿಕ್ಕಿತು?

ಬೇಜಾರಿನ ಮಾತು ಅಂದರೆ, ಇದು ಕ್ಲಿನಿಕ್ಕಿನ ಒಳಗೆ ಹುಟ್ಟಿದ್ದೂ ಅಲ್ಲ. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಅಂತ ನೋಡಲು ನಮ್ಮ ಪಂಚಾಂಗದಲ್ಲಿ ಪುಟವೇ ಇದೆ, ತಲೆಗೆ ಬಿದ್ದರೆ ಹೀಗೆ, ಭುಜಕ್ಕೆ ಬಿದ್ದರೆ ಹಾಗೆ. ಬಿದ್ದ ಹಲ್ಲಿಗೆ ಏನಾಯಿತು ಅಂತ ಯಾರೂ ನೋಡುವುದಿಲ್ಲ. ಚಿಕ್ಕವರಿದ್ದಾಗ ಬೇಲಿಯ ಮೇಲಿನ ಓತಿಕ್ಯಾತಕ್ಕೆ ಕಲ್ಲು ಹೊಡೆಯದ ಮಕ್ಕಳು ನಮ್ಮ ಬೀದಿಯಲ್ಲಿ ಇರಲಿಲ್ಲ. ನಾನೂ ಹೊಡೆದಿದ್ದೇನೆ. ಒಂದು ಸತ್ತದ್ದು ನೆನಪಿದೆ. ಚಿಗುರಿನ ಗಂಟಲ ಕೆಳಗಿನ ಜೋಲು ಚರ್ಮ ಅಲ್ಲಾಡುವುದನ್ನು ನೋಡುವಾಗ ಎಷ್ಟೋ ಸಲ ಅದು ನೆನಪಾಗಿದೆ.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಮೆಟ್ಟಿಲ ಮೇಲೆ ಕೂತವನನ್ನು ದೀಪ ಯಾವುದು ಹಾಕಿದ್ದೀಯ ಅಂತ ಕೇಳಿದೆ. "ದೀಪ ಬೇಡ ಅಂದ್ರು ಆಂಟಿ ಅಂಗಡಿಯಲ್ಲಿ. ಬಿಸಿಲು ಬೀಳೋ ಕಿಟಕಿ ಪಕ್ಕಾನೇ ಇಟ್ಟಿದೀನಿ, ದಿನಾ ಚೆನ್ನಾಗಿ ಬಿಸಿಲು ಬರುತ್ತೆ" ಅಂದ. ಕಿಟಕಿಗೆ ಗಾಜು ಇದೆಯಾ ಅಂದರೆ ಇದೆ ಅಂದ. ಗಾಜು ಯುವಿಬಿಯನ್ನು ತಡೆದುಬಿಡುತ್ತದೆ ಕಂದ ಅಂತ ಹೇಳಿದಾಗ ಅವನ ಮುಖ ನೋಡಲಾಗಲಿಲ್ಲ. ಅಷ್ಟು ಜೋಪಾನದಿಂದ ದಿನಾ ಬಿಸಿಲಿಗೆ ಇಟ್ಟಿದ್ದಾನೆ.

ನಮ್ಮ ಡಾಕ್ಟರಿಗೆ ಫೋನ್ ಮಾಡಿ, ಅವನನ್ನು ನನ್ನ ಕಾರಿನಲ್ಲೇ ಕೂರಿಸಿಕೊಂಡು ಹೋದೆ. ಬಿಸಿನೀರಿನ ಬ್ಯಾಗು ಇರಲಿಲ್ಲ, ದಾರಿಯಲ್ಲಿ ಒಂದು ಟೀ ಅಂಗಡಿಯಲ್ಲಿ ಬಿಸಿನೀರು ಕೇಳಿ ಬಾಟಲಿಗೆ ತುಂಬಿಸಿಕೊಂಡು ನನ್ನ ದುಪಟ್ಟಾದಲ್ಲಿ ಸುತ್ತಿದೆವು. ಮೂಳೆ ಮೆತ್ತಗಾಗಿದೆ, ದವಡೆ ಮೊದಲಿನ ಹಾಗೆ ಆಗುವುದು ಕಷ್ಟ, ಆದರೆ ಉಳಿಯಬಹುದು ಅಂದಿದ್ದಾರೆ ಡಾಕ್ಟರು.

ಇವತ್ತು ಬೆಳಗ್ಗೆ ಒಂದು ಹಾಳೆಯಲ್ಲಿ ಡಾಕ್ಟರ ನಂಬರು (ಅವರನ್ನು ಕೇಳಿಯೇ) ಮತ್ತು ಅವರು ಆ ರಾತ್ರಿ ಹೇಳಿದ ಮಾತುಗಳನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡು ನಿನ್ನೆಯ ಕ್ಲಿನಿಕ್ಕಿಗೆ ಹೋದೆ. ಜಗಳ ಆಡಲೇಬೇಕು ಅಂತಲೇ ಹೋಗಿದ್ದೆ. ಕೌಂಟರಿನವರು ಪೂರ್ತಿ ಓದಿದರು. "ನಮಗೆ ಯಾರೂ ಹೇಳಿಕೊಟ್ಟಿಲ್ಲ ಮೇಡಂ" ಅಂದರು. ಟೇಬಲ್ಲಿನ ಗಾಜಿನ ಕೆಳಗೆ ಆ ಹಾಳೆ ತೂರಿಸಿಟ್ಟರು. ಜಗಳ ಆಡಲು ಏನೂ ಉಳಿಯಲಿಲ್ಲ.

ಮೈಸೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿ, ಶಿವಮೊಗ್ಗ, ನೀವು ಎಲ್ಲೇ ಇರಿ, ಹಲ್ಲಿ ಜಾತಿಯ ಪ್ರಾಣಿಗಳನ್ನು ನಿಜವಾಗಿ ನೋಡುವ ಡಾಕ್ಟರು ನಿಮಗೆ ಗೊತ್ತಿದ್ದರೆ, ಅವರ ಒಪ್ಪಿಗೆ ತೆಗೆದುಕೊಂಡು ನನಗೆ ಇನ್‌ಬಾಕ್ಸಿನಲ್ಲಿ ಕಳಿಸಿ. ಊರಿಗೊಂದು ಹಾಳೆ ಮಾಡುತ್ತೇನೆ. ಪ್ರಿಂಟಿನ ಖರ್ಚು ನನ್ನದು.

ಹುಡುಗನ ಬಿಯರ್ಡೆಡ್ ಡ್ರ್ಯಾಗನ್ ಹೆಸರು ಗುಂಡ. ಇದನ್ನು ಬರೆಯುತ್ತಿರುವಾಗಲೇ ಮೆಸೇಜು ಬಂತು. ಬೆರಳು ಅದುರುವುದು ನಿಂತಿದೆಯಂತೆ.