ನಾನೇನೂ ಹೇಳಲ್ಲ ಭಾವ

ಏನೂ ತಿಳಿಯದೆ ಸಿನಿಮಾಕ್ಕೆ ಹೋಗುವುದು ಈಗ ಸುಲಭದ ಕೆಲಸವಲ್ಲ. ಟೀಸರ್ ಬರುತ್ತದೆ, ಟ್ರೈಲರ್ ಬರುತ್ತದೆ, ಲಿರಿಕಲ್ ಹಾಡು ಬರುತ್ತದೆ. ಮೊದಲ ಆಟ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಹುಡುಗರು ಮೈಕ್ ಹಿಡಿದು ನಿಂತಿರುತ್ತಾರೆ. ‘ತಾಯಿ ಸಾಯೋ ಸೀನಲ್ಲಿ ಅತ್ತುಬಿಟ್ಟೆ ಸಾರ್’ ಎಂದು ಯಾರೋ ಊರಿಗೆಲ್ಲ ಹೇಳಿಬಿಡುತ್ತಾರೆ. ನಾನು ಇವೆಲ್ಲವನ್ನೂ ದಾಟಿದ್ದೆ. ಫೋನಿನಲ್ಲಿ ನಾನು ನೋಡಬೇಕೆಂದಿದ್ದ ಸಿನಿಮಾದ ಒಂದು ಮುಖ ಕಂಡರೂ ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳುತ್ತಿದ್ದೆ. ಆಫೀಸಿನಲ್ಲಿ ಅದರ ಮಾತು ಬಂದರೆ ನೀರು ಕುಡಿಯಲು ಎದ್ದು ಹೋಗುತ್ತಿದ್ದೆ. ಹೀರೋ ಯಾರು ಅನ್ನುವುದು ಮಾತ್ರ ಗೊತ್ತಿತ್ತು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಓಡಾಡುವವರು ಕಟೌಟಿನಿಂದ ಎಲ್ಲಿಗೆ ತಪ್ಪಿಸಿಕೊಂಡು ಹೋಗಬೇಕು?

ಆದರೆ ಭಾಮೈದನನ್ನು ದಾಟಲಾಗಲಿಲ್ಲ.

ಅವನು ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಆಸಾಮಿ. ಅಲ್ಲೇ ಮೊದಲ ದಿನವೇ ನೋಡಿ ಬಂದಿದ್ದ. ನೋಡಿಯಾದ ಮೇಲೆ ಸುಮ್ನೆ ಮನೇಲಿರಬಹುದಲ್ವಾ? ಭಾನುವಾರ ಬೆಳಗಿನ ಆಟಕ್ಕೆ ನಾವು ಹೊರಟಾಗ ಅವನೂ ಚಪ್ಪಲಿ ಮೆಟ್ಟಿದ. ‘ನಾನು ಬರ್ತಿರೋದು ಸಿನಿಮಾ ನೋಡೋಕಲ್ಲ ಭಾವ. ಆ ಸೀನಲ್ಲಿ ನಿಮ್ಮ ಮುಖ ನೋಡೋಕೆ.’

ಯಾವ ಸೀನು?

‘ನಾನೇನೂ ಹೇಳಲ್ಲ.’

ಹೇಳಲಿಲ್ಲ, ಅದನ್ನು ಒಪ್ಪಬೇಕು. ಬಾಯಿ ಮುಚ್ಚಿಕೊಂಡೇ ಇತ್ತು. ಮಿಕ್ಕಿದ್ದೆಲ್ಲ ಮಾತಾಡಿತು. ಹೀರೋನ ಅಣ್ಣ ಗದ್ದೆಯಿಂದ ಬಂದು, ಅಮ್ಮ ಬಡಿಸಿದ ಮುದ್ದೆ ಉಣ್ಣಲು ಕೂತ. ಪಕ್ಕದಿಂದ ‘ಅಯ್ಯೋ ಪಾಪ’ ಎಂಬ ನಿಟ್ಟುಸಿರು. ಅಲ್ಲಿಗೆ ಅಣ್ಣನ ಕಥೆ ಮುಗಿಯಿತು. ಆಮೇಲೆ ಅವನು ಮದುವೆಯಾಗಲಿ, ಟ್ರ್ಯಾಕ್ಟರ್ ಕೊಳ್ಳಲಿ, ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ತಿಥಿ ಊಟವೇ. ಒಬ್ಬ ಸಾಧು ಮೇಷ್ಟ್ರು ಬಂದು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟರು. ಭಾಮೈದ ಮೂಗಿನಲ್ಲೇ ‘ಹ್ಞೂಂ’ ಅಂದ. ಸರಿ, ಮೇಷ್ಟ್ರೇ ಕಳ್ಳ. ಪಾಪ್‌ಕಾರ್ನ್ ಅಗಿಯುವುದು ನಿಂತರೆ ಏನೋ ಆಗಲಿದೆ. ನೆಟ್ಟಗೆ ಕೂತರೆ ಹೊಡೆದಾಟ. ಮೊಬೈಲ್ ತೆಗೆದರೆ ಹಾಡು.

ಇಂಟರ್ವಲ್‌ಗೆ ಸ್ವಲ್ಪ ಮುಂಚೆ ಅವನು ತೆರೆಗೆ ಬೆನ್ನು ಹಾಕಿದಂತೆ ನನ್ನ ಕಡೆಗೆ ಪೂರ್ತಿ ತಿರುಗಿ ಕೂತ. ಕತ್ತಲಲ್ಲಿ ಹಲ್ಲು ಹೊಳೆಯುತ್ತಿತ್ತು. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದು ನಿಂತವಳ ಪಾಡು ನನ್ನದಾಯಿತು. ಆಶ್ಚರ್ಯ ಪಡದಿದ್ದರೆ ಅವನಿಗೆ ಬೇಜಾರು. ಅವನಿಗೆ ಬೇಜಾರಾದರೆ ಅವನ ಅಕ್ಕನಿಗೆ ಬೇಜಾರು. ಹುಬ್ಬೇರಿಸಿ, ಬಾಯಿ ತೆರೆದು, ಎದೆ ಮೇಲೆ ಕೈಯಿಟ್ಟುಕೊಂಡೆ. ಅವನಿಗೆ ತೃಪ್ತಿಯಾಯಿತು. ಅಷ್ಟರಲ್ಲಿ ತೆರೆಯ ಮೇಲೆ ಏನಾಯಿತೋ ನಾನು ನೋಡಲೇ ಇಲ್ಲ.

1960ರಲ್ಲಿ ‘ಸೈಕೋ’ ಬಂದಾಗ, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಅದರ ನಿರ್ದೇಶಕ ಹಿಚ್‌ಕಾಕ್ ಕಟ್ಟುನಿಟ್ಟು ಮಾಡಿದ್ದರು. ತಡವಾಗಿ ಬಂದವರಿಂದ ಏನು ಕೇಡು ಸ್ವಾಮಿ? ಈಗಾಗಲೇ ನೋಡಿದವರನ್ನು ತಡೆಯಬೇಕಿತ್ತು.

ಇನ್ನು ಸಿನಿಮಾದವರೂ ಕಮ್ಮಿಯಿಲ್ಲ. ಪ್ರಾಣಿಗಳಿಗೆ ಹಿಂಸೆ ಮಾಡಿಲ್ಲ ಎಂದು ಮೊದಲೇ ತೋರಿಸುತ್ತಾರೆ. ಹಾಗಾದರೆ ಎತ್ತಿಗೆ ಏನೋ ಕಾದಿದೆ. ವಿಲನ್ ಜೇಬಿಗೆ ಕೈ ಹಾಕುವಷ್ಟರಲ್ಲಿ ಮೂಲೆಯಲ್ಲಿ ಧೂಮಪಾನದ ಎಚ್ಚರಿಕೆ ಬರುತ್ತದೆ. ತೆಗೆಯುವುದು ಪಿಸ್ತೂಲಲ್ಲ, ಬೀಡಿ.

ಹಿಂದೆ ಥಿಯೇಟರ್ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ಅದರಲ್ಲಿ ಕಥಾಸಾರಾಂಶ ಇರುತ್ತಿತ್ತು. ಮಳೆ ಸುರಿಯುತ್ತಿರುತ್ತದೆ, ನಾಯಕಿ ಮನೆ ಬಿಟ್ಟು ಹೊರಡುತ್ತಾಳೆ, ಮುಂದೇನಾಯಿತು? ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ. ಕೈಯಲ್ಲಿ ದುಡ್ಡಿಲ್ಲದ ತಿಂಗಳು ಅಪ್ಪ ಟಿಕೆಟ್ ಬದಲು ಆ ಪುಸ್ತಕ ಮಾತ್ರ ತರುತ್ತಿದ್ದರು. ನನ್ನ ಪಾಲಿಗೆ ಆ ನಾಯಕಿಯರೆಲ್ಲ ಇನ್ನೂ ಮಳೆಯಲ್ಲೇ ನಿಂತಿದ್ದಾರೆ.

ಆಟ ಬಿಟ್ಟ ಮೇಲೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಭಾಮೈದ ಹೆಮ್ಮೆಯಿಂದ, ‘ನೋಡಿ, ಒಂದು ಮಾತೂ ಹೇಳಲಿಲ್ಲ’ ಅಂದ. ನನಗೆ ರೇಗಿತು. ಅವನು ವಾದಕ್ಕೇ ನಿಂತ. ‘ನಮ್ಮ ಹಳ್ಳಿ ಕಡೆ ಕುರುಕ್ಷೇತ್ರ ನಾಟಕಕ್ಕೆ ಜನ ಬೆಳಗಾಗೋ ತನಕ ಕೂರ್ತಾರೆ. ದುರ್ಯೋಧನ ಸಾಯ್ತಾನೆ ಅಂತ ಅವರಿಗೆ ಗೊತ್ತಿಲ್ವಾ ಭಾವ?’

ಗೊತ್ತು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ನಮ್ಮ ಜಿಲ್ಲೆಯದ್ದೇ. ವೀರಣ್ಣನವರು ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆ ತಂದು ರಂಗದ ಮೇಲೆ ನಿಲ್ಲಿಸಿದಾಗಲೂ ಜನಕ್ಕೆ ಕಥೆ ಗೊತ್ತಿತ್ತು. ಆದರೆ ಹಳ್ಳಿ ನಾಟಕದಲ್ಲಿ ಗೊತ್ತಿಲ್ಲದ್ದು ಬೇರೆ ಇದೆ. ಅಲ್ಲಿ ಪಾತ್ರ ಮಾಡುವವರೇ ದುಡ್ಡು ಕೊಡಬೇಕು. ದುರ್ಯೋಧನನಿಗೆ ರೇಟು ಜಾಸ್ತಿ. ಅಷ್ಟು ಕೊಟ್ಟ ಡೈರಿ ಸೆಕ್ರೆಟರಿ, ಹಾರ್ಮೋನಿಯಂ ಮೇಷ್ಟ್ರು ಏರಿಸಿದ ಶ್ರುತಿ ಮುಟ್ಟುತ್ತಾನಾ, ಇಲ್ಲಾ ಮಾತು ಮರೆತು ಗದೆ ನೋಡುತ್ತಾ ನಿಲ್ಲುತ್ತಾನಾ? ಅದನ್ನು ಯಾರ ಭಾಮೈದನೂ ಮೊದಲೇ ಹೇಳಲಾರ.

ಇದನ್ನೇ ಹೇಳಬೇಕೆಂದು ಬಾಯಿ ತೆರೆದೆ. ಅವನು ಚಟ್ನಿ ಹಾಕಿಸಿಕೊಳ್ಳುತ್ತಾ, ‘ಭಾಗ 2ರಲ್ಲಿ ಅಣ್ಣ ವಾಪಸ್ ಬರ್ತಾನೆ ಭಾವ, ಸತ್ತೇ ಇಲ್ಲ ಅವನು’ ಅಂದ.

ಅದರ ಶೂಟಿಂಗೇ ಇನ್ನೂ ಶುರುವಾಗಿಲ್ಲ.