ಪಕ್ಕದ ಮನೆಯ ಪ್ರಸಾದ: ತಿನ್ನೋದಾ, ಬೇಡ್ವಾ?

ಪರ: ಅಕ್ಕ ಬರೆದದ್ದು

ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ ನಮ್ಮೂರು. ನಮ್ಮದು ಕ್ರೈಸ್ತರ ಮನೆ. ಪಕ್ಕದ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮುಗಿದರೆ ಅಜ್ಜಿ ದಣಪೆ ದಾಟಿ ನಮ್ಮ ಅಂಗಳಕ್ಕೆ ಬರುತ್ತಾರೆ. ಕೈಯಲ್ಲಿ ಬಾಳೆ ಎಲೆಯ ತುಂಡು, ಅದರಲ್ಲಿ ಸಪಾದ. ರವೆ, ಸಕ್ಕರೆ, ತುಪ್ಪ, ಹಾಲು ಎಲ್ಲಾ ಒಂದೂಕಾಲು ಅಳತೆ, ಅದಕ್ಕೇ ಆ ಹೆಸರು. ಮೇಲೊಂದು ತುಳಸಿ ಎಲೆ. "ತಗಳೆ ಮಾರಾಯ್ತಿ, ಬಿಸಿ ಇದೆ" ಅನ್ನುತ್ತಾರೆ. ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡು ಅಲ್ಲೇ ನಿಂತು ತಿನ್ನುತ್ತೇನೆ. ಬೆರಳಿಗೆ ಅಂಟಿದ ತುಪ್ಪವನ್ನೂ ಬಿಡುವುದಿಲ್ಲ.

ಊರಿಗೆ ಬಂದಾಗ ಇದನ್ನು ನೋಡಿ ತಮ್ಮ ಏನೂ ಹೇಳುವುದಿಲ್ಲ. ಸುಮ್ಮನಾಗಿಬಿಡುತ್ತಾನೆ. ಆ ಸುಮ್ಮನಿರುವುದಕ್ಕೇ ಈ ಉತ್ತರ.

ಈ ಪ್ರಶ್ನೆ ಮಲೆನಾಡಲ್ಲಿ ಹುಟ್ಟಿದ್ದಲ್ಲ. ಗ್ರೀಸಿನ ಕೊರಿಂಥ ಪಟ್ಟಣವನ್ನು ರೋಮನ್ನರು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದ್ದರು, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ಮತ್ತೆ ಎಬ್ಬಿಸಿದ. ಎರಡು ಕಡೆ ಬಂದರು ಇದ್ದ ಊರು, ಅಂದ ಮೇಲೆ ಎಲ್ಲ ಕಡೆಯ ಜನ, ಎಲ್ಲ ಕಡೆಯ ದೇವರು. ಗುಡಿಯಲ್ಲಿ ಬಲಿ ಕೊಟ್ಟ ಪ್ರಾಣಿಯ ಒಂದು ಪಾಲು ಬೆಂಕಿಗೆ, ಒಂದು ಪಾಲು ಊಟಕ್ಕೆ, ಉಳಿದದ್ದು ಮಾಂಸದ ಅಂಗಡಿಗೂ ಬರುತ್ತಿತ್ತು. ಹೊಸದಾಗಿ ಕ್ರೈಸ್ತರಾದವರಿಗೆ ಫಜೀತಿ. ತಿನ್ನೋದಾ, ಬೇಡ್ವಾ ಅಂತ ಅಲ್ಲಿನ ಸಭೆಯನ್ನು, ಅಂದರೆ ಚರ್ಚನ್ನು, ಕಟ್ಟಿದ ಬೋಧಕ ಪೌಲನಿಗೆ ಬರೆದು ಕೇಳಿದರು. ಆತ ಸುಮಾರು ಕ್ರಿ.ಶ. 55ರಲ್ಲಿ ಬರೆದ ಉತ್ತರವೇ ಬೈಬಲ್ಲಿನಲ್ಲಿರುವ, ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಎಂಟರಿಂದ ಹತ್ತನೇ ಅಧ್ಯಾಯ.

ನಮ್ಮ ಸಭೆಯಲ್ಲಿ ಜಾಸ್ತಿ ಜನ ಅದನ್ನು 'ಬೇಡ' ಅನ್ನುವ ಒಂದೇ ಮಾತಿನ ಹಾಗೆ ಓದುತ್ತಾರೆ. ಆದರೆ ಪೌಲ ಹೇಳುವುದು ಮೂರು ಜಾಗದ ವಿಷಯ. ಗುಡಿಯೊಳಗೆ ಕೂತು ಪೂಜೆಯ ಊಟದಲ್ಲಿ ಪಾಲು ತಗೊಳ್ಳುವುದು ಬೇಡ ಅನ್ನುತ್ತಾನೆ, ಅದು ಸರಿ. ಅಂಗಡಿಯಲ್ಲಿ ಮಾರುವುದನ್ನು ಏನೂ ವಿಚಾರಿಸದೆ ಕೊಂಡು ತಿನ್ನಿ, ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದೇ ಅನ್ನುತ್ತಾನೆ. ಇನ್ನು ನಂಬದವರು ಊಟಕ್ಕೆ ಕರೆದು ನಿಮಗೂ ಹೋಗಲು ಮನಸ್ಸಿದ್ದರೆ ಬಡಿಸಿದ್ದನ್ನು ತಿನ್ನಿ, ಪ್ರಶ್ನೆ ಕೇಳಬೇಡಿ ಅನ್ನುತ್ತಾನೆ. ಎಂಟನೇ ಅಧ್ಯಾಯದಲ್ಲಂತೂ ತಿಂದರೆ ನಾವು ಹೆಚ್ಚಾಗುವುದಿಲ್ಲ, ಬಿಟ್ಟರೆ ಕಡಿಮೆಯಾಗುವುದಿಲ್ಲ ಎಂದು ನೇರವಾಗಿ ಬರೆದಿದ್ದಾನೆ.

ಅಜ್ಜಿ "ಪ್ರಸಾದ" ಅಂತ ಹೇಳಿಯೇ ಕೊಡುತ್ತಾರಲ್ಲ, ಹೇಳಿ ಕೊಟ್ಟರೆ ತಿನ್ನಬೇಡಿ ಅಂತ ಅಲ್ಲೇ ಬರೆದಿದೆಯಲ್ಲ ಅಂತ ತಮ್ಮ ಹಿಡಿಯುತ್ತಾನೆ. ಬರೆದಿದೆ, ನಿಜ. ಆದರೆ ಕಾರಣವನ್ನೂ ಅಲ್ಲೇ ಕೊಟ್ಟಿದ್ದಾನೆ: ನಿನ್ನ ಮನಸ್ಸಾಕ್ಷಿಗಲ್ಲ, ಹೇಳಿದವನ ಮನಸ್ಸಾಕ್ಷಿಗಾಗಿ. ಹಾಗಾದರೆ ಅಜ್ಜಿಯ ಮನಸ್ಸಲ್ಲಿ ಏನಿದೆ ಅಂತ ನೋಡಬೇಕಲ್ವಾ? ನಾನು ಭಾನುವಾರ ಸೀರೆ ಉಟ್ಟು ಸತ್ಯವೇದ ಹಿಡಿದು ಬಸ್ಸಿಗೆ ಹೋಗುವುದನ್ನು ಅವರು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದಾರೆ. ಒಂದು ಮುಷ್ಟಿ ಸಪಾದ ತಿಂದೆ ಅಂತ ಇವಳು ನಮ್ಮ ದೇವರಿಗೆ ನಡೆದುಕೊಂಡಳು ಎಂದು ಅವರು ಯಾವತ್ತೂ ಅಂದುಕೊಳ್ಳುವುದಿಲ್ಲ. ತಿನ್ನದಿದ್ದರೆ ಮಾತ್ರ ಖಂಡಿತ ಒಂದು ಅಂದುಕೊಳ್ಳುತ್ತಾರೆ: ಇವರಿಗೆ ನಮ್ಮ ಮನೆ ತಿಂಡಿ ಆಗಲ್ಲ. ಮಡಿ ಮೈಲಿಗೆಯ ಲೆಕ್ಕದಲ್ಲಿ ಇಷ್ಟು ತಲೆಮಾರು ನರಳಿದ ಊರಿನಲ್ಲಿ ಇನ್ನೊಬ್ಬರ ಕೈಯ ಆಹಾರ ಬೇಡ ಅನ್ನುವುದಕ್ಕೆ ಇರುವ ಅರ್ಥ ಒಂದೇ. ಆ ಅರ್ಥವನ್ನು ಯೇಸುವಿನ ಹೆಸರಲ್ಲಿ ಕೊಡಲು ನನಗೆ ಆಗುವುದಿಲ್ಲ.

ಅಪ್ಪ ತೀರಿಕೊಂಡ ವರ್ಷದ ಮಳೆ ನೆನಪಿದೆಯಾ ತಮ್ಮಾ? ಹಳ್ಳ ತುಂಬಿ ಸಂಕ ಕೊಚ್ಚಿಹೋಗಿ ನಿನಗೇ ಬರಲಾಗಲಿಲ್ಲ. ಮೂರು ದಿನ ನಮಗೆ ಗಂಜಿ ಬಂದದ್ದು ಅದೇ ಅಡುಗೆಮನೆಯಿಂದ. ಅದನ್ನು ದೇವರಿಗೆ ಎಡೆ ಇಟ್ಟು ತಂದರೋ ಇಡದೆ ತಂದರೋ ನಾವು ಕೇಳಲಿಲ್ಲ.

ಇನ್ನು ವಿಗ್ರಹಕ್ಕೆ ಇಟ್ಟದ್ದನ್ನು ತಿನ್ನಬೇಡಿ ಅಂತ ಯೆರೂಸಲೇಮಿನ ಸಭೆಯ ಹಿರಿಯರು ಬರೆದ ಪತ್ರ ಎತ್ತುತ್ತಾನೆ ಅಂತ ಗೊತ್ತು. ಎತ್ತಲಿ. ಅದೇ ಪತ್ರದಲ್ಲಿ ರಕ್ತ ತಿನ್ನಬೇಡಿ ಅಂತಲೂ ಇದೆ, ಕುರಿ ಕೊಯ್ದ ದಿನ ರಕ್ತದ ಪಲ್ಯಕ್ಕೆ ಮೊದಲು ತಟ್ಟೆ ಹಿಡಿಯುವವನು ಯಾರು ಅಂತ ಅವನನ್ನೇ ಕೇಳಿ.

ವಿರೋಧ: ತಮ್ಮ ಬರೆದದ್ದು

ರಕ್ತದ ಪಲ್ಯದ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬಿಟ್ಟಿದ್ದೇನೆ ಅಂತ ಬರೆಯಬಹುದಿತ್ತು, ಸುಳ್ಳಾಗುತ್ತದೆ.

ಆದರೆ ಆ ಪತ್ರ ಒಂದೇ ಆಗಿದ್ದರೆ ಅಕ್ಕ ಹೇಳಿದ್ದಕ್ಕೆ ಹೂಂ ಅನ್ನುತ್ತಿದ್ದೆ. ಆ ಪತ್ರ ಬರೆಸಿದ ಯೆರೂಸಲೇಮಿನ ಸಭೆ ಸೇರಿದ್ದು ಸುಮಾರು 49ರಲ್ಲಿ. ಆಮೇಲೆ ಬಂದ, ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ ಎರಡನೇ ಅಧ್ಯಾಯದಲ್ಲಿ ಪೆರ್ಗಮ ಮತ್ತು ಥುವತೈರ, ಎರಡೂ ಊರಿನ ಸಭೆಗೆ ಇದೇ ವಿಷಯಕ್ಕೆ ಬೈಗುಳ ಬಿದ್ದಿದೆ. ಹಳೆಯ ಕಾಲದ 'ದಿದಾಖೆ' ಎಂಬ ಚಿಕ್ಕ ಪುಸ್ತಕ ಆಹಾರದ ನಿಯಮವನ್ನು ಆದಷ್ಟು ಪಾಲಿಸಿ ಅಂತ ಸಡಿಲವಾಗಿ ಹೇಳಿ, ವಿಗ್ರಹಕ್ಕೆ ಇಟ್ಟದ್ದರ ಹತ್ತಿರ ಮಾತ್ರ ಹೋಗಲೇಬೇಡಿ ಅನ್ನುತ್ತದೆ. ಇವರೆಲ್ಲ ನಮ್ಮವರಾಯಿತು. ಹೊರಗಿನವನ ಸಾಕ್ಷಿ ಬೇಕಾ? ಸುಮಾರು 112ರಲ್ಲಿ ಬಿಥೂನ್ಯದ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರ ಉಳಿದಿದೆ. ಬಲಿಯ ಮಾಂಸ ಕೊಳ್ಳುವವರು ಸಿಗುವುದೇ ಅಪರೂಪವಾಗಿತ್ತು, ಈಗ ಮತ್ತೆ ವ್ಯಾಪಾರ ಆಗುತ್ತಿದೆ ಅಂತ ಅವನು ಬರೆಯುತ್ತಾನೆ. ಅಂದರೆ ಕ್ರೈಸ್ತರು ಜಾಸ್ತಿಯಾದದ್ದು ಮಾಂಸದ ಅಂಗಡಿಯ ಗಲ್ಲಾಪೆಟ್ಟಿಗೆಗೆ ಗೊತ್ತಾಗುತ್ತಿತ್ತು.

ಅಂಗಡಿ, ಮನೆ, ಗುಡಿ ಅಂತ ಅಕ್ಕ ಚೆನ್ನಾಗಿ ಬಿಡಿಸಿದ್ದಾಳೆ, ಒಪ್ಪುತ್ತೇನೆ. ನಾನು ಶಿವಮೊಗ್ಗದಲ್ಲಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ದೀಪಾವಳಿಯಲ್ಲಿ ತಕ್ಕಡಿಗೂ ಲೆಕ್ಕದ ಪುಸ್ತಕಕ್ಕೂ ಕುಂಕುಮ ಬೀಳುತ್ತದೆ. ಮಾರನೇ ದಿನ ಅದೇ ಪುಸ್ತಕದಲ್ಲಿ ಬರೆಯುತ್ತೇನೆ, ಅದಕ್ಕೆಲ್ಲ ತಲೆ ಕೆಡಿಸಿಕೊಂಡಿಲ್ಲ. ಸಾಹುಕಾರರ ಮನೆಗೆ ಕರೆದರೆ ಎಲೆ ಮುಂದೆ ಕೂತು ಎರಡನೇ ಸಲ ಸಾರು ಹಾಕಿಸಿಕೊಂಡು ಊಟ ಮಾಡುತ್ತೇನೆ. ಅದು ಊಟ. ಪ್ರಸಾದ ಊಟ ಅಲ್ಲ.

ಪೌಲ 'ಹೇಳಿ ಕೊಟ್ಟರೆ ತಿನ್ನಬೇಡಿ' ಅನ್ನುವ ಕಡೆ ಹಳೆಯ ಪ್ರತಿಗಳಲ್ಲಿ ಇರುವ ಗ್ರೀಕ್ ಮಾತೇ ಬೇರೆ. ಉಳಿದ ಕಡೆಯೆಲ್ಲ ಐಡೊಲೊಥೂಟೋನ್, ವಿಗ್ರಹಕ್ಕೆ ಇಟ್ಟದ್ದು. ಅದು ಒಪ್ಪದವರು ಆಡುವ ಮಾತು. ಇಲ್ಲಿ ಮಾತ್ರ ಹಿಯರೊಥೂಟೋನ್, ದೇವರಿಗೆ ಅರ್ಪಿಸಿದ್ದು. ಇದು ನಡೆದುಕೊಳ್ಳುವವರ ಬಾಯಿಯ ಮಾತು. ನಮ್ಮ ಕಡೆ ಹೇಳುವುದಾದರೆ ಒಂದು 'ಎಡೆ ಇಟ್ಟದ್ದು', ಇನ್ನೊಂದು 'ಪ್ರಸಾದ'. ಅಜ್ಜಿ ಕೊಡುವಾಗ ಸಜ್ಜಿಗೆ ಅನ್ನುವುದಿಲ್ಲ, ಪ್ರಸಾದ ಅನ್ನುತ್ತಾರೆ. ಮಡಿಯುಟ್ಟು, ಉಪವಾಸ ಇದ್ದು, ಕಥೆ ಕೇಳಿ, ಆಮೇಲೆ ತಂದದ್ದು ಅದು. ಅವರಿಗೆ ಅದು ದೇವರು ಕೊಟ್ಟದ್ದು. ಅಕ್ಕ ಅದನ್ನು ತುಪ್ಪದ ತಿಂಡಿ ಅಂತ ತಿನ್ನುತ್ತಾಳೆ. ನನಗೆ ಇದು ಅಜ್ಜಿಗೆ ಮಾಡುವ ಮರ್ಯಾದೆ ಅನ್ನಿಸುವುದಿಲ್ಲ, ನಗುತ್ತಾ ಮಾಡುವ ಸಣ್ಣ ಮೋಸ ಅನ್ನಿಸುತ್ತದೆ. ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ನಮ್ಮ ಕರ್ತನ ಭೋಜನದ ರೊಟ್ಟಿಯನ್ನು ಯಾರಾದರೂ ಬಿಸ್ಕತ್ತಿನ ಹಾಗೆ ತಿಂದು ಹೋದರೆ ಅಕ್ಕನಿಗೆ ಹೇಗಿರುತ್ತದೆ?

ಇದೆಲ್ಲ ವಾದ ಆಯಿತು. ನಾನು ಪ್ರಸಾದ ಬಿಟ್ಟದ್ದು ವಾದದಿಂದ ಅಲ್ಲ.

ನನ್ನ ಹೆಂಡತಿಯ ತವರು ಸಾಗರ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬ ಜಾತ್ರೆ ಬಂದರೆ ಮನೆ ತುಂಬಾ ನೆಂಟರು, ಅದರ ನಡುವೆ ಬೆಳೆದವಳು. ದೀಕ್ಷಾಸ್ನಾನ ಪಡೆದು ಕ್ರೈಸ್ತಳಾಗಿ ಆರು ವರ್ಷ ಆಯಿತು, ಯಾರ ಬಲವಂತಕ್ಕೂ ಅಲ್ಲ. ಎರಡು ವರ್ಷದ ಹಿಂದೆ ಮಗಳಿಗೆ ಜ್ವರ ಬಂದು ಒಂಬತ್ತು ದಿನ ಇಳಿಯಲಿಲ್ಲ. ಅತ್ತೆ ದಿನಾ ಫೋನ್ ಮಾಡಿ ಅಮ್ಮನಿಗೆ ಹರಕೆ ಹೊತ್ತುಕೋ ಅಂತ ಹೇಳುತ್ತಿದ್ದರು. ಇವಳು ಅಳುತ್ತಾ ಪ್ರಾರ್ಥನೆ ಮಾಡುತ್ತಾ ತಡೆದುಕೊಂಡಿದ್ದಳು. ಆ ವಾರವೇ ಅಪ್ಪನ ವರ್ಷದ ಪ್ರಾರ್ಥನೆ, ಮಗು ಸ್ವಲ್ಪ ಚೇತರಿಸಿಕೊಂಡಿತ್ತು ಅಂತ ಊರಿಗೆ ಹೋದೆವು. ಅಜ್ಜಿ ಪ್ರಸಾದ ತಂದರು. ಅಕ್ಕ ತಿಂದಳು, ನಾನೂ ತಿಂದೆ, ಆಗ ನಾನೂ ತಿನ್ನುತ್ತಿದ್ದವನೇ. ರಾತ್ರಿ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಇವಳು ಕೇಳಿದಳು: "ರೀ, ಹಾಗಾದ್ರೆ ಹರಕೆ ಹೊತ್ಕೊಂಡ್ರೂ ತಪ್ಪಿಲ್ಲ ಅಲ್ವಾ?"

ನಾನು ಪೌಲನ ಮೂರು ಜಾಗದ ಲೆಕ್ಕ ಹೇಳಲು ಹೊರಟೆ. ಅರ್ಧಕ್ಕೆ ನಿಲ್ಲಿಸಿದೆ. ಅವಳು ವಾದ ಮಾಡುತ್ತಿರಲಿಲ್ಲ. ಗಟ್ಟಿ ಅಂತ ನಂಬಿ ಕಾಲಿಟ್ಟ ನೆಲ ಗಟ್ಟಿ ಇದೆಯಾ ಅಂತ ಕೇಳುತ್ತಿದ್ದಳು. ಎಂಟನೇ ಅಧ್ಯಾಯದ ಕೊನೆಯಲ್ಲಿ, ನಾನು ತಿನ್ನುವುದು ನನ್ನ ಸಹೋದರ ಎಡವಲು ಕಾರಣ ಆಗುವುದಾದರೆ ಮಾಂಸವನ್ನೇ ಮುಟ್ಟುವುದಿಲ್ಲ ಅಂತ ಪೌಲ ಬರೆದದ್ದನ್ನು ಎಷ್ಟು ಸಲ ಓದಿದ್ದೆನೋ, ಆ ಸಹೋದರ ನನ್ನ ಮನೆಯೊಳಗೇ ಇರಬಹುದು ಅಂತ ಹೊಳೆದಿರಲಿಲ್ಲ. ಅಕ್ಕನಿಗೆ ಆ ತುಂಡು ಎಲೆ ಬರೀ ತಿಂಡಿ, ಯಾಕೆಂದರೆ ನಾವು ಹುಟ್ಟಿದ್ದೇ ಸಭೆಯಲ್ಲಿ. ಇವಳಿಗೆ ಹಾಗಲ್ಲ.

ಬಿಟ್ಟರೆ ಅಜ್ಜಿ ನೊಂದುಕೊಳ್ಳುತ್ತಾರೆ ಅನ್ನುವುದು ನನಗೂ ಇದ್ದ ಭಯ. ಮುಂದಿನ ಸಲ ಕೈ ಮುಗಿದು ಹೇಳಿದೆ, "ಅಜ್ಜಿ, ನಿಮ್ಮ ದೇವರ ಪ್ರಸಾದ ನಂಬಿಕೆ ಇಲ್ಲದೆ ತಿನ್ನೋದು ಸರಿಯಲ್ಲ, ನಂಗೊಂದು ಲೋಟ ಕಾಫಿ ಕೊಡಿ." ಅವರು ನನ್ನ ಮುಖವನ್ನೇ ನೋಡಿದರು. ಒಳಗೆ ಹೋಗಿ ಕಾಫಿ ತಂದರು, ಜಾಸ್ತಿ ಮಾತಾಡಲಿಲ್ಲ. ಅವತ್ತು ಅವರಿಗೆ ಬೇಜಾರಾಗಿತ್ತು, ಅಕ್ಕ ಹೇಳುವುದು ಪೂರ್ತಿ ಸುಳ್ಳೇನಲ್ಲ.

ಈಗ ನಾವು ಊರಲ್ಲಿದ್ದರೆ ಪೂಜೆಯ ಮಾರನೇ ದಿನ ಅವರ ಮೊಮ್ಮಗ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬರುತ್ತಾನೆ. "ಇದು ಬರೀ ಸಜ್ಜಿಗೆಯಂತೆ, ಬೇರೆ ಮಾಡಿದ್ದಂತೆ, ಅಜ್ಜಿ ಹೇಳಿದ್ರು." ತುಪ್ಪ ಮಾತ್ರ ಸ್ವಲ್ಪ ಕಮ್ಮಿ ಇರುತ್ತದೆ.