ಕೇಳಿ ಉಗುಳುವವರು

ಕಾಫಿ ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷೆ, ನೋಡಿದವರಿಗೆ ಗೊತ್ತು. ಚಮಚದಲ್ಲಿ ತೆಗೆದು, ಸೊರ್ರೆಂದು ಎಳೆದು, ನಾಲಗೆ ಮೇಲೆ ಹೊರಳಿಸಿ, ಪಕ್ಕದ ಪಾತ್ರೆಗೆ ಉಗುಳುತ್ತಾರೆ. ಪಾಪ, ಅದು ಅವರ ಕಸುಬು. ಸಂಗೀತವನ್ನೂ ಹಾಗೇ ಉಗುಳಬಹುದು ಎಂದು ನನಗೆ ತಿಳಿದದ್ದು ಪಕ್ಕದ ತೋಟದ ಸಾಹುಕಾರರು ಹೊಸ ಆಂಪ್ಲಿಫೈಯರ್ ತಂದ ಮೇಲೆ.

ಅದರ ಯೋಗ್ಯತೆ ಅಳೆಯಲು ಮಡಿಕೇರಿ, ವಿರಾಜಪೇಟೆ ಕಡೆಯ ನಾಲ್ಕೈದು ಮಂದಿ ಭಾನುವಾರ ಬಂದರು. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಪರೀಕ್ಷೆಯ ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ. ಒಬ್ಬರದು ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ರಾಕ್ ತಂಡದ್ದು, 1973ರದ್ದು. ಹಾಡಿಗಾಗಿ ಅಲ್ಲ, ಅದರೊಳಗಿನ ಗಡಿಯಾರಗಳಿಗಾಗಿ! ಅಷ್ಟೂ ಗಡಿಯಾರ ಒಟ್ಟಿಗೇ ಬಡಿದುಕೊಂಡವು. ಹಾಡುವವನು ಬಾಯಿ ತೆರೆಯುವ ಮೊದಲೇ ಮುಳ್ಳು ಎತ್ತಿಯಾಗಿತ್ತು. "ಸಾಕು ಸಾಕು, ಗಂಟೆ ಚೊಕ್ಕ ಉಂಟು."

ಇನ್ನೊಬ್ಬರು ಕೊನೆ ಹಾಡಿನವರು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಪ್ಪದೆ ತಿರುಗಿದರೂ ಒಳಗಿನ ಸುತ್ತು ಗಿಡ್ಡ. ಅಷ್ಟೇ ಹೊತ್ತಿನ ಸಂಗೀತ ಅಲ್ಲಿ ಇಕ್ಕಟ್ಟಾಗಿ ಕೂರಬೇಕು. ಮುಳ್ಳು ಸರಿಯಿಲ್ಲದಿದ್ದರೆ ಸಕಾರ ಷಕಾರಗಳೆಲ್ಲ ಅಲ್ಲೇ ಸೀದು ಹೋಗುತ್ತವೆ. ಮಾತು ನಿಜವೇ. ಆದರೆ ಈ ಪುಣ್ಯಾತ್ಮರು ಆ ತಟ್ಟೆಯ ಮೊದಲ ಹಾಡನ್ನು ಇವತ್ತಿನವರೆಗೂ ಕೇಳಿಲ್ಲವಂತೆ.

ನಾನು ಅಮ್ಮನ ಕಾಲದ ಸುಬ್ಬುಲಕ್ಷ್ಮಿಯವರ ಸುಪ್ರಭಾತ ಒಯ್ದಿದ್ದೆ. ಮಳೆಗಾಲಕ್ಕೊಮ್ಮೆ ಬೂಸ್ಟು ಹಿಡಿದು, ಒರೆಸಿಸಿಕೊಂಡು ಬದುಕಿದ ತಟ್ಟೆ. ಸಾಹುಕಾರರು ತಿರುಗಿಸಿ ನೋಡಿ, "ಇದರಲ್ಲಿ ಅಳೆಯುವುದು ಏನುಂಟು ಮಾರಾಯ?" ಎಂದು ಮರಳಿ ಕೊಟ್ಟರು.

ಇಷ್ಟು ಸೂಕ್ಷ್ಮದ ಪರೀಕ್ಷೆ ನಡೆದದ್ದು ಕೊಡಗಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ, ಶೀಟಿನ ಮಾಡಿನ ಕೆಳಗೆ. ಮಳೆ ಹೇಗೆ ಹೊಡೆಯುತ್ತಿತ್ತೆಂದರೆ ಪಕ್ಕದವರ ಮಾತಿಗೇ ಕಿವಿ ಕೊಡಬೇಕಿತ್ತು. ಒಬ್ಬರು ಕಣ್ಣುಮುಚ್ಚಿ, "ಬೇಸ್ ತುಸು ಹೆಚ್ಚಾಯಿತು" ಎಂದರು. ಗುಡುಗಿಗೂ ಕುಂದು ಹೇಳಿದ ಕಿವಿ ಅದು. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಜನರೇಟರ್ ಹಾಕೋಣವೆಂದರೆ ಸಾಹುಕಾರರು ಬಿಲ್ಕುಲ್ ಒಪ್ಪಲಿಲ್ಲ. ಆ ಕರೆಂಟಿನಲ್ಲಿ ಸ್ವರ ಒರಟಾಗುತ್ತದಂತೆ.

ಕತ್ತಲಲ್ಲೇ ಕಾಫಿ ಬಂತು. ತೋಟದ ಅರೇಬಿಕಾ ಪೂರಾ ಎಂದೋ ಬೀಜ ಹಸನು ಮಾಡುವ ಕ್ಯೂರಿಂಗಿಗೆ ಹೋಗಿತ್ತು, ಲೋಟದಲ್ಲಿದ್ದದ್ದು ಚಿಕೋರಿ ಬೆರೆತ ಅಂಗಡಿ ಪುಡಿ. ಯಾರೂ ಉಗುಳಲಿಲ್ಲ. ಕೊನೆ ಹಾಡಿನವರು ಇನ್ನರ್ಧ ಲೋಟ ಕೇಳಿದರು.